ನಾಲ್ಕನೇ ಪೊಟ್ಟಣದ ತೂಕ

ತುಂಗಭದ್ರೆಯ ದಂಡೆ. ಹೊಳೆ ಬಂಡೆಗಳ ನಡುವೆ ನುಗ್ಗಿ ಹರಿಯುವಲ್ಲಿ ಒಂದು ತಗಡಿನ ಶೆಡ್ಡು. ಊರವರು ಅದಕ್ಕೆ ಆಶ್ರಮ ಅಂತ ಹೆಸರಿಟ್ಟಿದ್ದರು. ಇಟ್ಟದ್ದೇನೋ ತಮಾಷೆಗೆ. ಆದರೂ ಒಳಗೆ ಹೋಗುವಾಗ ಒಬ್ಬೊಬ್ಬರೂ ಚಪ್ಪಲಿ ಹೊರಗೇ ಬಿಡುತ್ತಿದ್ದರು.

ಅಲ್ಲಿದ್ದವರು ಮೌನೇಶಪ್ಪ ಬಡಿಗೇರ. ಎಪ್ಪತ್ತು ದಾಟಿದ ಮುದುಕರು. ಒಂದು ಕಾಲಕ್ಕೆ ಮದ್ರಾಸಿನಲ್ಲಿ ರೇಸ್ ಕಾರುಗಳ ಇಂಜಿನ್ ಕಟ್ಟಿದವರು. ಎಂಥ ಇಂಜಿನ್ ಆದರೂ ಅದರ ಮೇಲೆ ಬರಿಗೈ ಇಟ್ಟು, ಕಣ್ಣು ಮುಚ್ಚಿ, ಎಲ್ಲಿ ನೋವು ಅಂತ ಹೇಳಿಬಿಡುತ್ತಿದ್ದರು.

ಶಿಷ್ಯೆ ಒಬ್ಬಳೇ. ಹೆಸರು ಕಾಳಿಕಾ, ವಯಸ್ಸು ಇಪ್ಪತ್ತಾರು. ಬಂಗಾರದ ಕೆಲಸ ಮಾಡುವ ಪತ್ತಾರರ ಮನೆಯ ಮಗಳು. ಆದರೆ ಅವಳಿಗೆ ಬಂಗಾರ ಬೇಡ, ಗ್ರೀಸು ಬೇಕು. ತನ್ನ ಬಳೆ ಮಾರಿ, ಗುಜರಿಯಲ್ಲಿ ತುಕ್ಕು ಹಿಡಿದು ನಿಂತಿದ್ದ ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರು ತಂದುಕೊಂಡಿದ್ದಳು.

ಅವಳಪ್ಪ ಕೂಗಾಡಲಿಲ್ಲ. ಒಂದೇ ಮಾತು ಹೇಳಿದ: "ಈ ವರ್ಷ ಒಂದ ಓಟ. ಆಗಲಿಲ್ಲಂದ್ರ ಕಾರು ಮಾರಿ ಅಂಗಡ್ಯಾಗ ಬಂದು ಕೂಡು. ಆಮ್ಯಾಲೆ ಈ ಮಾತು ಎತ್ತಬ್ಯಾಡ."

ಓಟ ಅಂದರೆ ಕರಿಗುಡ್ಡ ಹತ್ತುವ ಓಟ. ಬುಡದಿಂದ ತುದಿಗೆ ಏಳು ನಿಮಿಷದೊಳಗೆ ಮುಟ್ಟಿದವರನ್ನು ಒಂದು ದೊಡ್ಡ ರೇಸಿಂಗ್ ತಂಡದವರು ಕೆಲಸಕ್ಕೆ ಕರೆದುಕೊಳ್ಳುತ್ತಾರೆ. ಕಾಳಿಕಾಳ ಕಾರು ಏಳು ನಿಮಿಷ ಹತ್ತು ಸೆಕೆಂಡ್ ತೆಗೆದುಕೊಳ್ಳುತ್ತಿತ್ತು.

ಹತ್ತು ಸೆಕೆಂಡ್. ಕುಂತು ಒಂದು ಸೀನು ಸೀನುವಷ್ಟು ಹೊತ್ತು. ಅವಳ ಇಡೀ ಬದುಕು ಅದರಲ್ಲಿ ಸಿಕ್ಕಿಹಾಕಿಕೊಂಡಿತ್ತು.

ವೇಗ ಹೆಚ್ಚಿಸಲು ಏನೇನು ಹಾಕಬೇಕೆಂದು ಅವಳು ಒಂದು ಪಟ್ಟಿ ಬರೆದು ತಂದಳು. ಟರ್ಬೊ, ಹೊಸ ಪಿಸ್ಟನ್, ದೊಡ್ಡ ಕಾರ್ಬ್ಯುರೇಟರ್, ಅಗಲ ಸೈಲೆನ್ಸರ್. ಪಟ್ಟಿ ಎರಡು ಪುಟ ಇತ್ತು. ಕೈಯಲ್ಲಿದ್ದ ದುಡ್ಡು ಅದರ ಮೊದಲನೇ ಸಾಲಿಗೂ ಸಾಲುತ್ತಿರಲಿಲ್ಲ.

"ಗುರುಗಳ, ಇದರಾಗ ಯಾವುದು ಮೊದಲು ಹಾಕೂಣ್ರಿ?"

ಮೌನೇಶಪ್ಪ ಪಟ್ಟಿ ನೋಡಲಿಲ್ಲ. ಹೊಳೆಗೆ ಇಳಿಯುವ ಮೆಟ್ಟಿಲು ತೋರಿಸಿದರು.

"ಮೂಗು ಹಿಡಕೋ. ಬಾಯಿ ಮುಚ್ಚು. ಕೆಳಗಿಂದ ಮ್ಯಾಲಿನ ತನಕ ಓಡಿ ಬಾ."

ಕಾಳಿಕಾ ಓಡಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಕಟ್ಟಿತು. ಮೇಲೆ ಬಂದು ಕುಸಿದು ಕೂತು, ದಮ್ಮು ಹತ್ತಿದ ಎಮ್ಮೆಯ ಹಾಗೆ ಏದುಸಿರು ಬಿಟ್ಟಳು.

"ಈಗ ಏನ್ ಬೇಕವ್ವಾ? ಬದಾಮಿ ಹಾಲು ತರಿಸಲ್ಯಾ?"

"ಉಸಿ... ಉಸಿರು ಬೇಕ್ರಿ!"

ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಎರಡೂ ಪುಟಕ್ಕೆ ಅಡ್ಡಗೆರೆ ಎಳೆದರು.

"ಟರ್ಬೊ ಬ್ಯಾಡ?"

"ಬ್ಯಾಡ."

"ಪಿಸ್ಟನ್?"

"ಬ್ಯಾಡ."

"ಮತ್ತ ಏನ್ ಹಾಕೂದ್ರಿ?"

"ಏನೂ ಹಾಕೂದಿಲ್ಲ. ಅದಕ್ಕ ಉಸಿರು ಕಟ್ಟೈತಿ. ದಾರಿ ಬಿಡಿಸು."

ಇಂಜಿನ್ನಿನ ತಲೆ, ಅಂದರೆ ಸಿಲಿಂಡರ್ ಹೆಡ್ಡಿನೊಳಗೆ, ಗಾಳಿ ಮತ್ತು ಪೆಟ್ರೋಲು ಒಳಹೋಗಲು ನಾಲ್ಕು ದಾರಿಗಳಿವೆ, ಸಿಲಿಂಡರಿಗೊಂದು. ಕಾರ್ಖಾನೆಯಲ್ಲಿ ಎರಕ ಹೊಯ್ದಾಗ ಉಳಿದ ಗಂಟು, ಉಬ್ಬು ಎಲ್ಲ ಅಲ್ಲಿ ಹಾಗೇ ಇರುತ್ತವೆ. ಅದನ್ನು ಕೈಯಿಂದ ಅರ ಹಿಡಿದು ಉಜ್ಜಿ ತೆಗೆಯಬೇಕು. ದುಡ್ಡು ಬೇಕಿಲ್ಲ, ತಾಳ್ಮೆ ಬೇಕು. ಆದರೆ ಆ ಕಾರಿಗೆ ಇನ್ನೊಂದು ತಲೆ ಇಡೀ ಸೀಮೆಯಲ್ಲಿ ಸಿಗುವಂತಿರಲಿಲ್ಲ. ಕೆಡಿಸಿದರೆ ಕೆಟ್ಟಿತು.

"ಎಷ್ಟು ಉಜ್ಜಬೇಕ್ರಿ?"

"ಸಾಕು ಅನ್ನೂತನಕ."

"ಯಾರು ಸಾಕು ಅನ್ನೂತನಕ?"

ಮೌನೇಶಪ್ಪ ಎದ್ದು ಸ್ನಾನಕ್ಕೆ ಹೋದರು. ಅವರ ಉತ್ತರಗಳೇ ಹಾಗೆ, ಅರ್ಧ ಹೊಳೆಯ ಪಾಲು.

ಕಾಳಿಕಾ ಹದಿನೈದು ದಿನ ಉಜ್ಜಿದಳು. ಮೊದಲನೇ ದಾರಿಯಲ್ಲಿ ಒಂದು ಸಲ ಉಜ್ಜಿ ನಾಲ್ಕು ಸಲ ಬೆರಳಾಡಿಸಿ ನೋಡುತ್ತಿದ್ದಳು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕೈ ಪಳಗಿ, ಬಾಯಲ್ಲಿ ಹಾಡು ಬಂದಿತ್ತು. ಕೊನೆಗೆ ಪತ್ತಾರರ ಬುದ್ಧಿ ಎಲ್ಲಿ ಹೋದೀತು? ಅಪ್ಪ ಬಳೆಗೆ ಕೊಡುವ ಮೆರುಗನ್ನೇ ಆ ನಾಲ್ಕು ದಾರಿಗೂ ಕೊಟ್ಟಳು. ಒಳಗೆ ಇಣುಕಿದರೆ ತನ್ನ ಕಣ್ಣು ತನಗೇ ಕಾಣುತ್ತಿತ್ತು. ನೋಡಿ ನೋಡಿ ಅವಳಿಗೇ ಹೆಮ್ಮೆ.

ಇಂಜಿನ್ ಜೋಡಿಸಿ, ಬೆಳಗಿನ ಜಾವ ರಸ್ತೆ ಖಾಲಿ ಇದ್ದಾಗ ಕರಿಗುಡ್ಡ ಹತ್ತಿಸಿದಳು.

ಕಾರು ಕೆಮ್ಮಿತು. ತಿರುವಿನಲ್ಲಿ ಮುಗ್ಗರಿಸಿತು. ತುದಿಗೆ ಹೋಗಿ ಗಡಿಯಾರ ನೋಡಿದರೆ ಏಳು ನಿಮಿಷ ಇಪ್ಪತ್ತೆರಡು ಸೆಕೆಂಡ್.

ಮೊದಲಿಗಿಂತ ನಿಧಾನ!

ಉಜ್ಜಿ ತೆಗೆದ ಲೋಹ ಮರಳಿ ಬರುವುದಿಲ್ಲ. ಓಟಕ್ಕೆ ಇಪ್ಪತ್ತೇ ದಿನ. ಕಣ್ಣ ಮುಂದೆ ಅಪ್ಪನ ಅಂಗಡಿ, ಗಲ್ಲಾಪೆಟ್ಟಿಗೆಯ ಪಕ್ಕದ ಮೆತ್ತೆ ಬಂದು ಕೂತವು.

ಶೆಡ್ಡಿಗೆ ಬಂದು ಗುರುವಿನ ಮುಂದೆ ಅತ್ತೇಬಿಟ್ಟಳು.

"ಕೆಡಿಸಿಬಿಟ್ಟೆನ್ರಿ. ಇದ್ದದ್ದನ್ನೂ ಕಳಕೊಂಡೆ."

ಮೌನೇಶಪ್ಪ ಸಮಾಧಾನ ಹೇಳಲಿಲ್ಲ. ಕಾರ್ಬ್ಯುರೇಟರ್ ಬಿಚ್ಚಿಸಿದರು.

"ದಾರ್ಯಾಗ ಬೆರಳು ಹಾಕು."

ಹಾಕಿದಳು. ಕನ್ನಡಿಯಂಥ ಗೋಡೆಯ ಮೇಲೆ ಪೆಟ್ರೋಲು ಹನಿಹನಿಯಾಗಿ ನಿಂತಿತ್ತು. ಬೆರಳು ಒದ್ದೆಯಾಯಿತು.

"ಬಾ," ಎಂದು ಅವರು ಹೊಳೆಗೆ ಇಳಿದರು.

ಹೊಳೆ ಅಲ್ಲಿ ಎರಡು ಥರ ಹರಿಯುತ್ತಿತ್ತು. ಮೇಲ್ಗಡೆ ಪಾತ್ರ ಅಗಲ, ನೀರು ತೂಕಡಿಸುತ್ತಿತ್ತು. ಕೆಳಗಡೆ ಎರಡು ಬಂಡೆಗಳ ನಡುವೆ ಒಂದು ಕಂಡಿ. ಅದರೊಳಗೆ ಅದೇ ನೀರು ಗುಡುಗುತ್ತ ನುಗ್ಗುತ್ತಿತ್ತು.

"ಎರಡೂ ಕಡೆ ನೀರು ಅಷ್ಟ ಐತಿ," ಎಂದರು ಮೌನೇಶಪ್ಪ. "ಎಲ್ಲಿ ಓಡತೈತಿ?"

"ಕಂಡ್ಯಾಗ್ರಿ."

"ಕಲ್ಲು ನೋಡು."

ಅವಳು ನೋಡಿದಳು. ದಿನಾ ಬಟ್ಟೆ ಒಗೆದು ನುಣುಪಾದ ಬಂಡೆಯ ಮೇಲೆ ನೀರು ಸುಮ್ಮನೆ ಜಾರಿ ಹೋಗುತ್ತಿತ್ತು. ಪಕ್ಕದ ತರಿತರಿ ಬಂಡೆಗೆ ಬಡಿದ ನೀರು ಮಾತ್ರ ತುಂತುರಾಗಿ ಗಾಳಿಗೆ ಹಾರುತ್ತಿತ್ತು. ಆ ತುಂತುರು ಅವಳ ಮುಖದ ಮೇಲೂ ಬಿತ್ತು.

ಮೂರು ವರ್ಷದಿಂದ ಇದೇ ದಂಡೆಯಲ್ಲಿ ಕೈಕಾಲು ತೊಳೆದಿದ್ದಳು. ಇಂಜಿನ್ನಿನ ಒಳಗಿನ ಗುಟ್ಟು ಇಲ್ಲಿ ಬಯಲಲ್ಲಿ ಬಿದ್ದಿತ್ತು, ಒಮ್ಮೆಯೂ ಕಂಡಿರಲಿಲ್ಲ.

"ಪೆಟ್ರೋಲು ತುಂತುರಾಗಿ ಹೋಗಬೇಕಿತ್ತು. ನಾ ಜಾರಬಂಡಿ ಮಾಡಿ ಕೊಟ್ಟೆ," ಎಂದಳು ಮೆಲ್ಲಗೆ. "ದಾರೀನೂ ಅಗಲ ಮಾಡಿಬಿಟ್ಟೆನೇನ್ರಿ?"

"ಎಷ್ಟು ತೆಗೆದಿ?"

"ತಡೀರಿ," ಎಂದು ಅವಳು ಶೆಡ್ಡಿಗೆ ಓಡಿ ನಾಲ್ಕು ಸಣ್ಣ ಕಾಗದದ ಪೊಟ್ಟಣ ತಂದಳು. ಒಂದೊಂದರ ಮೇಲೂ ಒಂದೊಂದು ಅಂಕಿ.

"ಇದೇನು?"

"ಉಜ್ಜಿದ ಪುಡಿರಿ. ಯಾವ ದಾರೀದು ಆ ಪೊಟ್ಟಣದಾಗ. ನಮ್ಮ ಮನ್ಯಾಗ ಅರದ ಪುಡಿ ಚೆಲ್ಲಂಗಿಲ್ಲಲ್ರಿ. ಕೈ ರೂಢಿಗೆ ಬಿದ್ದು ಕಟ್ಟಿಟ್ಟೆ."

ಮೌನೇಶಪ್ಪ ಆ ಪೊಟ್ಟಣಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಮುದುಕರ ಕಣ್ಣಲ್ಲಿ ನೀರು ಬಂದಿತ್ತು.

"ನಲವತ್ತು ವರ್ಷ ಆತವ್ವಾ. ತಾವು ಏನ್ ಹಾಕಿದ್ವಿ ಅಂತ ಎಲ್ಲಾರೂ ತೋರಿಸಾಕ ಬಂದ್ರು. ಏನ್ ತೆಗೆದ್ವಿ ಅಂತ ಯಾರೂ ತಂದು ತೋರಿಸಲಿಲ್ಲ. ತೂಗು."

ಅವಳು ಮನೆಯಿಂದ ಬಂಗಾರ ತೂಗುವ ಪುಟ್ಟ ತಕ್ಕಡಿ ತಂದಳು. ಒಂದು ತಟ್ಟೆಗೆ ಪುಡಿ, ಇನ್ನೊಂದಕ್ಕೆ ಗುಲಗಂಜಿ. ಮೊದಲನೇ ಪೊಟ್ಟಣ ಹನ್ನೆರಡು ಗುಲಗಂಜಿ ತೂಗಿತು. ಎರಡನೆಯದು ಹದಿನೆಂಟು. ಮೂರನೆಯದು ಇಪ್ಪತ್ತೇಳು. ನಾಲ್ಕನೆಯದಕ್ಕೆ ಗುಲಗಂಜಿ ಹಾಕಿದಷ್ಟೂ ಪುಡಿಯ ತಟ್ಟೆ ಮೇಲೇಳಲೇ ಇಲ್ಲ. ನಲವತ್ತೊಂದಕ್ಕೆ ಸರಿಯಾಗಿ ನಿಂತಿತು.

ಕಾಳಿಕಾ ಗುಲಗಂಜಿಗಳನ್ನು ಮತ್ತೊಮ್ಮೆ ಎಣಿಸಿದಳು.

"ನಾಕೂ ಒಂದ ಸಮ ಮಾಡೀನಿ ಅಂದ್ಕೊಂಡಿದ್ದೆನ್ರಿ. ಆಣೆ ಮಾಡಿ ಹೇಳತೀನಿ."

"ಮೊದಲನೇದರಾಗ ಅಂಜಿಕಿ ಐತಿ," ಎಂದರು ಮೌನೇಶಪ್ಪ, ಪೊಟ್ಟಣ ಮುಟ್ಟುತ್ತ. "ನಾಕನೇದರಾಗ ಸೊಕ್ಕು ಐತಿ."

ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಜೊತೆಗೇ ಎಂಥದೋ ಬೆರಗು. ತನ್ನ ಮನಸ್ಸು ಹದಿನೈದು ದಿನ ಹೇಗೆ ಹೇಗೆ ಇತ್ತು ಅನ್ನುವುದು ಗುಲಗಂಜಿ ಲೆಕ್ಕದಲ್ಲಿ ಮುಂದೆ ಕೂತಿತ್ತು. ಸುಳ್ಳು ಹೇಳಲು ಜಾಗವೇ ಇರಲಿಲ್ಲ.

"ಎರಡನೇದು, ಗುರುಗಳ?"

"ಅದನ್ನ ಉಜ್ಜೂವಾಗ ಏನ್ ನೆನಸಿದ್ದಿ?"

ಅವಳು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. "ಏನೂ ಇಲ್ರಿ. ಬರೇ ಕೆಲಸ ಇತ್ತು."

"ಹಂಗಾದ್ರ ಅದನ್ನ ಕೇಳಿ ಉಳಿದ ಮೂರೂ ಮಾಡು."

ಮೊದಲನೇ ದಾರಿಯನ್ನು ಇನ್ನಷ್ಟು ಉಜ್ಜಿದಳು. ಮೂರನೆಯದಕ್ಕೂ ನಾಲ್ಕನೆಯದಕ್ಕೂ, ಕಲಸಿ ಹಚ್ಚಿದರೆ ಕಲ್ಲಿನ ಹಾಗೆ ಗಟ್ಟಿಯಾಗುವ ಲೋಹದ ಅಂಟು ತಂದು, ಬೆರಳ ತುದಿಯಿಂದ ಒಳಗೆ ಸವರಿದಳು. ಒಣಗಲು ಬಿಟ್ಟಳು. ಮತ್ತೆ ಉಜ್ಜಿದಳು. ಎರಡನೆಯದರಲ್ಲಿ ಬೆರಳಾಡಿಸಿ, ನಾಲ್ಕನೆಯದರಲ್ಲಿ ಬೆರಳಾಡಿಸಿ, ಮತ್ತೆ ಸವರಿದಳು. ಒಂದು ಸಾಸಿವೆಯಷ್ಟು ತೆಗೆಯುವುದು ಸುಲಭವಿತ್ತು. ಅಷ್ಟನ್ನೇ ಮರಳಿ ಕೂರಿಸಲು ಎರಡು ದಿನ ಹಿಡಿಯುತ್ತಿತ್ತು.

ಕೊನೆಗೆ ಒರಟು ಕಾಗದ ತಗೊಂಡು ತಾನೇ ಕೊಟ್ಟ ಮೆರುಗನ್ನೆಲ್ಲ ತಾನೇ ಕೆರೆದಳು. ಪತ್ತಾರರ ಮಗಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಹಲ್ಲು ಕಚ್ಚಿ ಕೆರೆದಳು.

ಓಟಕ್ಕೆ ನಾಲ್ಕು ದಿನ ಇರುವಾಗ ಇಂಜಿನ್ ಜೋಡಿಸಿ ಕೀಲಿ ತಿರುಗಿಸಿದಳು.

ಏನದು ಸದ್ದು! ಮೊದಲು ನಾಲ್ಕು ಜನ ನಾಲ್ಕು ಕಡೆ ಮಾತಾಡುವಂತಿದ್ದ ಇಂಜಿನ್ ಈಗ ಒಂದೇ ಕೊರಳಿನಿಂದ ಉಸಿರಾಡುತ್ತಿತ್ತು. ನೆಲ ಅದುರಲಿಲ್ಲ, ತಗಡು ಬಡಿಯಲಿಲ್ಲ. ದನಿ ಮಾತ್ರ ಎದೆಗೂಡಿನೊಳಗೆ ಬಂದು ನಿಂತಿತು. ಕಾಳಿಕಾ ತನಗೆ ಗೊತ್ತಿಲ್ಲದೆಯೇ ಕೈ ಜೋಡಿಸಿದ್ದಳು.

"ಇದನ್ನ ನಾ ಮಾಡಿದ್ನೇನ್ರಿ?"

ಮೌನೇಶಪ್ಪ ಇಂಜಿನ್ನಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ್ದರು.

"ಇಲ್ಲ. ನೀ ಅಡ್ಡ ಬರೂದು ಬಿಟ್ಟಿ."

ಕೂಡಿಟ್ಟ ದುಡ್ಡು ಇನ್ನೂ ಹಾಗೇ ಇತ್ತು. ಅವಳ ಮನಸ್ಸು ಮತ್ತೆ ಚಿಗುರಿತು.

"ಈಗ ಒಂದು ಅಗಲ ಸೈಲೆನ್ಸರ್ ಹಾಕಿದ್ರ ಹೆಂಗ್ರಿ? ಸದ್ದಿಗಾದ್ರೂ..."

"ಬ್ಯಾಡ."

"ಮತ್ತ ದುಡ್ಡು?"

"ಇಷ್ಟು ದಿನ ಓಡೂದನ್ನ ಕಲಿಸಿದಿ. ನಿಲ್ಲೂದನ್ನ ಯಾರು ಕಲಿಸತಾರ?"

ಆ ದುಡ್ಡಿಗೆ ನಾಲ್ಕು ಒಳ್ಳೆಯ ಟೈರು, ಬ್ರೇಕಿಗೆ ಹೊಸ ಪ್ಯಾಡು ಬಂದವು. ಪಟ್ಟಿಯಲ್ಲಿ ಆ ಎರಡೂ ಇರಲೇ ಇಲ್ಲ.

ಓಟದ ದಿನ ಕರಿಗುಡ್ಡದ ಬುಡದಲ್ಲಿ ದೊಡ್ಡ ದೊಡ್ಡ ಕಾರುಗಳು ಗುಟುರು ಹಾಕುತ್ತ ನಿಂತಿದ್ದವು. ಅವುಗಳ ನಡುವೆ ಕಾಳಿಕಾಳ ಕಾರು ಮದುವೆ ಮನೆಗೆ ಹಳೇ ಸೀರೆ ಉಟ್ಟು ಬಂದವಳ ಹಾಗೆ ಕಂಡಿತು. ಯಾರೋ ನಕ್ಕರು. ಅವಳಪ್ಪ ಜನರ ಹಿಂದೆ, ಅಂಗಡಿಗೆ ರಜೆ ಹಾಕಿ, ಮುಖ ಗಂಟಿಕ್ಕಿಕೊಂಡು ನಿಂತಿದ್ದ.

ಬಾವುಟ ಇಳಿಯಿತು.

ಮೊದಲ ತಿರುವಿಗೇ ಅವಳಿಗೆ ತಿಳಿಯಿತು. ಕಾಲು ಒತ್ತುವ ಮೊದಲೇ ಕಾರು ಹೊರಟಿರುತ್ತಿತ್ತು. ತಡವಾಗಿ ಬ್ರೇಕ್ ಹಾಕಿದರೂ ನಿಲ್ಲುತ್ತಿತ್ತು, ತಿರುವಿನಿಂದ ಬಿಟ್ಟ ಬಾಣದ ಹಾಗೆ ಹೊರಬರುತ್ತಿತ್ತು. ಎಡಕ್ಕೆ ಬಂಡೆ, ಬಲಕ್ಕೆ ಆಕಾಶ. ಅರ್ಧ ಗುಡ್ಡ ಹತ್ತಿದ ಮೇಲೆ ಅಪ್ಪ, ಅಂಗಡಿ, ಗೆಲ್ಲಬೇಕು ಅನ್ನುವ ಹಟ ಎಲ್ಲ ಎಲ್ಲೋ ಉದುರಿಹೋದವು. ಅವಳು ಏನೂ ನೆನೆಸುತ್ತಿರಲಿಲ್ಲ. ದಾರಿ ತಾನಾಗಿ ಒಳಗೆ ಬರುತ್ತಿತ್ತು.

ತುದಿಯಲ್ಲಿ ಕಾರು ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಹಣೆ ಇಟ್ಟಳು. ಯಾರೋ ಕೂಗಿ ಸಮಯ ಹೇಳಿದರು.

ಆರು ನಿಮಿಷ ಐವತ್ತಾರು ಸೆಕೆಂಡ್.

ಕೆಳಗೆ ಬಂದಾಗ ಅಪ್ಪ ಜನರನ್ನು ಸರಿಸಿಕೊಂಡು ಮುಂದೆ ಬಂದ. ಕಾರಿನ ಬಾನೆಟ್ಟನ್ನು ಒಮ್ಮೆ ಸವರಿ, "ಕಾರು ಮಾರಬ್ಯಾಡ ತಗೋ," ಎಂದು ಮುಖ ಆಚೆ ತಿರುಗಿಸಿದ. ಕಾಳಿಕಾ ಅವನ ಹೆಗಲ ಮೇಲೆ ಬಿದ್ದು ಅತ್ತಳು.

ಮರುದಿನ ರೇಸಿಂಗ್ ತಂಡದವರು ಕೊಟ್ಟ ಕೆಲಸದ ಕಾಗದ ಹಿಡಿದು ಅವಳು ಹೊಳೆದಂಡೆಗೆ ಬಂದಳು. ಗುರುವಿನ ಕಾಲು ಮುಟ್ಟಿದಳು. ಸಂತೋಷಕ್ಕೆ ಮಾತು ಒಂದರ ಮೇಲೊಂದು ಬೀಳುತ್ತಿತ್ತು.

"ಗುರುಗಳ, ಅಲ್ಲಿ ಟರ್ಬೊ ಅಂದ್ರ ಟರ್ಬೊ, ಪಿಸ್ಟನ್ ಅಂದ್ರ ಪಿಸ್ಟನ್! ಬಾಯಿಲೆ ಹೇಳಿದ್ರ ಸಾಕು, ಸಂಜಿಗೆ ತಂದಿಡತಾರಂತ. ದುಡ್ಡಿನ ಚಿಂತಿನ ಇಲ್ಲಂತ್ರಿ."

ಮೌನೇಶಪ್ಪ ಹೊಳೆಯ ಕಡೆ ನೋಡುತ್ತಿದ್ದರು.

"ಬ್ಯಾಡ ಅನ್ನೋರು ಯಾರದಾರ ಅಲ್ಲಿ?"

ಕಾಳಿಕಾ ಯೋಚಿಸಿದಳು. "ಯಾರೂ ಇಲ್ರಿ."

"ಹಂಗಾದ್ರ ಇವತ್ತಿನಿಂದ ಆ ಕೆಲಸಾನೂ ನಿಂದವ್ವಾ."