ಹಾವಸೆಯ ಹಂಗು

ಆಷಾಢ ಶುದ್ಧ ಬಿದಿಗೆ, ಬುಧವಾರ. ಬೆಳಿಗ್ಗೆಯಿಂದ ಮೋಡ, ಮಧ್ಯಾಹ್ನ ತುಸು ಹೊತ್ತು ತುಂತುರು ಬಿದ್ದು ನಿಂತಿತು.

ಹನ್ನೆರಡು ವರ್ಷ ಮಠದಲ್ಲಿ ಓದಿದ ಮುರಿಗೆಯ್ಯ ಮರುದಿನ ಬೇರೊಂದು ಊರಿಗೆ ಪಾಠ ಹೇಳಲು ಹೊರಡುವವನಿದ್ದ. ಅವನು ಗುರುಗಳ ಮುಂದೆ ಕುಳಿತು ಕೇಳಿದ: "ಬುದ್ಧಿ, ನಾನು ಬಾಯಿ ತೆರೆದರೆ ನಿಮ್ಮ ಮಾತೇ ಬರುತ್ತದೆ. ಜೊತೆಯವರು ನನ್ನನ್ನು ಗಿಳಿ ಎನ್ನುತ್ತಾರೆ. ನಿಮ್ಮದನ್ನೆಲ್ಲ ನಿಮಗೇ ಒಪ್ಪಿಸಿ, ಹಂಗಿಲ್ಲದೆ ಹೋಗುವುದು ಹೇಗೆ?"

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿಯ ಹಿತ್ತಲಲ್ಲಿ ಚಕ್ಕೋತದ ಮರವಿತ್ತು. ಅಂಥ ಸಿಹಿ ಹಣ್ಣು ಸುತ್ತಲಿನ ಯಾವ ಊರಿನಲ್ಲೂ ಇರಲಿಲ್ಲ. ಅದರ ಬೀಜ ಹಾಕಿ ಬೆಳೆಸಿದ ಗಿಡಗಳೆಲ್ಲ ಹುಳಿ ಹಣ್ಣನ್ನೇ ಕೊಟ್ಟಿದ್ದವು. ಒಂದು ವರ್ಷ ಮರದ ಬುಡ ಕೊಳೆಯಿತು. ಹಸಿರಾಗಿ ಉಳಿದದ್ದು ಒಂದೇ ಕೊಂಬೆ. ಅದೂ ಒಣಗಿದರೆ ಆ ರುಚಿ ಹೋದಂತೆಯೇ.

ಕೊಂಬೆಯಲ್ಲೇ ಬೇರು ಬರಿಸುವ ಗೂಟಿ ಕೆಲಸ ಬಲ್ಲ ಒಬ್ಬ ತೋಟಗಾರನನ್ನು ವ್ಯಾಪಾರಿ ಕರೆಸಿದ. ತೋಟಗಾರ ಕೊಂಬೆಯ ಸುತ್ತ ಎರಡು ಬೆರಳಗಲ ಸಿಪ್ಪೆ ತೆಗೆದ. ಹಳ್ಳದ ಬಂಡೆಯಿಂದ ಎತ್ತಿ ತಂದಿದ್ದ ಹಾವಸೆಯನ್ನು, ಆ ಹಸಿರು ಪಾಚಿಯನ್ನು, ನೀರಿನಲ್ಲಿ ಅದ್ದಿ, ಹಿಂಡಿ, ಆ ಗಾಯಕ್ಕೆ ಸುತ್ತಿ ಬಟ್ಟೆ ಕಟ್ಟಿದ.

"ಈ ಕಸದಲ್ಲಿ ಏನು ಸತ್ವವಿದೆಯಪ್ಪಾ? ಒಂದಿಷ್ಟು ಗೊಬ್ಬರವಾದರೂ ಸೇರಿಸು," ಎಂದ ವ್ಯಾಪಾರಿ.

"ಸತ್ವವೇನೂ ಇಲ್ಲ ಸಾಹುಕಾರ್ರೇ. ಹಾವಸೆಗೆ ತನ್ನದೆಂಬ ಬೇರೂ ಇಲ್ಲ. ನೀರು ಹಿಡಿದುಕೊಂಡು ಸುಮ್ಮನಿರುವುದೊಂದು ಗೊತ್ತು. ಆ ಸುಮ್ಮನಿರುವುದು ನಿಮಗೂ ಗೊತ್ತಿದ್ದರೆ ಎರಡು ತಿಂಗಳು ಕಟ್ಟು ಬಿಚ್ಚಬೇಡಿ."

ಎರಡು ತಿಂಗಳ ಮೇಲೆ ಬಿಚ್ಚಿದರು. ಹಾವಸೆಯ ತುಂಬ ಬಿಳಿಯ ಬೇರು. ತೋಟಗಾರ ಅದರ ಕೆಳಗೆ ಕೊಂಬೆಯನ್ನು ಕತ್ತರಿಸಿ ವ್ಯಾಪಾರಿಯ ಕೈಗೆ ಕೊಟ್ಟ. ವ್ಯಾಪಾರಿಗೆ ಕಣ್ಣು ತುಂಬಿತು. ಆದರೆ ಅವನು ಯಾರ ಹಂಗನ್ನೂ ಇಟ್ಟುಕೊಳ್ಳುವವನಲ್ಲ.

"ನಿನಗೇನು ಸಲ್ಲಬೇಕೋ ಈಗಲೇ ಹೇಳು. ಈ ಗಿಡ ಪೂರ್ತಿ ನನ್ನದಾಗಬೇಕು," ಎಂದ.

"ಕೊಂಬೆ ನಿಮ್ಮದು, ಬೇರೂ ನಿಮ್ಮದೇ. ಹಾವಸೆ ಮಾತ್ರ ನನ್ನದು. ಅದನ್ನು ಬಿಡಿಸಿ ಕೊಟ್ಟುಬಿಡಿ, ಸಾಕು."

ಇಷ್ಟೇ ತಾನೇ ಎಂದು ವ್ಯಾಪಾರಿ ನಕ್ಕ. ಕುಳಿತು ಒಂದು ಎಳೆ ಎಳೆದ. ಬಂತು. ಎರಡನೆಯ ಎಳೆಯೊಂದಿಗೆ ಒಂದು ಬೇರೂ ಕಿತ್ತು ಬಂತು. ಅವನ ಕೈ ನಿಂತಿತು. ವ್ಯಾಪಾರಿ ಎದ್ದು, ಗಿಡವನ್ನು ಹಾವಸೆಯ ಸಮೇತ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿದ. ತೋಟಗಾರ ನೀರು ಹೊಯ್ದ. ನಾಲ್ಕನೆಯ ವರ್ಷ ಹಣ್ಣು ಬಂತು. ಹಳೆಯ ಮರದ್ದೇ ಸಿಹಿ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಯ್ಯ ಕೇಳಿದ: "ಹಾಗಾದರೆ ತೋಟಗಾರನಿಗೆ ಕೊನೆಗೆ ಸಂದದ್ದೇನು, ಬುದ್ಧಿ?"

ಗುರುಗಳು ಹೇಳಿದರು: "ಎರಡು ಎಳೆ ಹಾವಸೆ. ಮೂರನೆಯದಕ್ಕೆ ಕೈ ಹಾಕದೆ ವ್ಯಾಪಾರಿ ಅದನ್ನು ಬೇರಿನ ಜೊತೆಗೇ ನೆಟ್ಟನಲ್ಲ, ಆಗ ಉಳಿದದ್ದೂ ಸಂದಿತು. ನೀನೂ ನನ್ನ ಮಾತನ್ನು ಕಿತ್ತು ಕೊಡಬೇಡ, ಅದರ ಸಮೇತ ಹೋಗಿ ಬೇರೂರು."