ಕರುವಿನ ಕೊರಳ ಗಂಟೆ

ಹೊಳೆದಂಡೆಯ ಆಶ್ರಮವೊಂದರಲ್ಲಿ ಶಾಂತವೀರಯ್ಯ ಎಂಬ ಗುರುಗಳು ಕಂಪ್ಯೂಟರ್ ಆಟಗಳನ್ನು ಕಟ್ಟುವುದನ್ನು ಕಲಿಸುತ್ತಿದ್ದರು. ಆಶ್ರಮದಲ್ಲಿ ಇದೆಂಥ ವಿದ್ಯೆ ಎಂದು ಮೂಗು ಮುರಿಯುವವರು ಮುರಿಯಲಿ, ಕಲಿಯಲು ಬರುವವರಿಗೇನೂ ಬರವಿರಲಿಲ್ಲ.

ಅವರಲ್ಲಿ ಇಂದುಧರ ಮಹಾ ಹಟಮಾರಿ.

ಅವನ ಅಕ್ಕ ನೀಲಾಂಬಿಕೆಗೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದ್ದವು. ಚಿಕ್ಕಂದಿನಲ್ಲಿ ಯಾವ ಆಟದಲ್ಲೂ ಅವಳನ್ನು ಸೋಲಿಸಿದವರಿಲ್ಲ. ಈಗ ಅವಳನ್ನು ಆಟಕ್ಕೆ ಕರೆಯುವವರೇ ಇರಲಿಲ್ಲ. ಬರೀ ಕಿವಿಯಿಂದ ಆಡುವ ಆಟವೊಂದನ್ನು ಮಾಡಿಕೊಡುತ್ತೇನೆ ಎಂದು ಇಂದುಧರ ಅವಳಿಗೆ ಮಾತು ಕೊಟ್ಟಿದ್ದ. ತಪ್ಪಿಸಿಕೊಂಡ ಕರುವನ್ನು ಕೊರಳ ಗಂಟೆಯ ಸದ್ದು ಹಿಡಿದು ಹುಡುಕಿ, ಕೊಟ್ಟಿಗೆಗೆ ತರುವ ಆಟ.

ಮಾತು ಕೊಟ್ಟು ಮೂರು ವರ್ಷವಾಗಿತ್ತು.

ಆಟದೊಳಗೆ ಯಾವುದು ಓಡಬೇಕು, ಯಾವುದು ಬೀಳಬೇಕು, ಯಾವುದು ಸದ್ದು ಮಾಡಬೇಕು ಎಂದು ನೋಡಿಕೊಳ್ಳುವ ಎಂಜಿನ್ ಸಿದ್ಧವಾಗಿಯೇ ಸಿಗುತ್ತದೆ. ಇಂದುಧರನಿಗೆ ಅದು ಒಗ್ಗಲಿಲ್ಲ. ಊರಿಗೆಲ್ಲ ಸಿಗುವ ಎಂಜಿನ್ ನನ್ನ ಅಕ್ಕನ ಆಟಕ್ಕೆ ಬೇಡ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಾನೇ ಬರೆಯುತ್ತೇನೆ ಎಂದು ಕೂತುಬಿಟ್ಟಿದ್ದ.

ಒಂದು ಸಂಜೆ ಅವನು ಗುರುಗಳನ್ನು ಕರೆತಂದು ತೋರಿಸಿದ. ಪರದೆಯ ಮೇಲೆ ಕರು ನಿಂತಿತ್ತು. ಹೊತ್ತು ಇಳಿದಂತೆಲ್ಲ ಅದರ ನೆರಳು ಹುಲ್ಲಿನ ಮೇಲೆ ಉದ್ದವಾಗುತ್ತಿತ್ತು. ಆ ನೆರಳೊಂದಕ್ಕೇ ಎಂಟು ತಿಂಗಳು ಹಿಡಿಯಿತು ಎಂದು ಹೇಳಿಕೊಂಡ.

ಗುರುಗಳು ಬಹಳ ಹೊತ್ತು ನೋಡಿದರು. ನಿಜಕ್ಕೂ ಚೆನ್ನಾಗಿತ್ತು.

"ಅಕ್ಕನಿಗೆ ತೋರಿಸಿದೆಯಾ?"

ನಾಚಿಕೆಯಿಂದ ಇಂದುಧರನ ತಲೆ ಮೇಲೇಳಲಿಲ್ಲ.

ಮರುದಿನವೇ ಬರೆದದ್ದನ್ನೆಲ್ಲ ಮೂಲೆಗೆ ಸರಿಸಿ ಸಿದ್ಧ ಎಂಜಿನ್ ಹಿಡಿದ. ಹಟ ಹೋಗಿರಲಿಲ್ಲ, ದಿಕ್ಕು ಬದಲಾಯಿಸಿತ್ತು ಅಷ್ಟೇ. ಹನ್ನೆರಡು ದಿನದಲ್ಲಿ ಆಟ ಮುಗಿಯಿತು. ನಾಳೆಯೇ ಊರಿಗೆ ಹೋಗಿ ಅಕ್ಕನಿಗೆ ಕೊಡುತ್ತೇನೆ, ಅಪ್ಪಣೆಯಾಗಬೇಕು ಎಂದು ಗುರುಗಳ ಮುಂದೆ ನಿಂತ.

ಗುರುಗಳು ಹೆಗಲ ಮೇಲಿನ ವಸ್ತ್ರ ತೆಗೆದು ತಮ್ಮ ಕಣ್ಣಿಗೆ ಕಟ್ಟಿಕೊಂಡರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಡಲು ಕೂತರು.

ಗಂಟೆ ಎಡಕ್ಕೆ ಕೇಳಿಸಿದಾಗ ಎಡಕ್ಕೆ ಹೋದರು, ಬಲಕ್ಕೆ ಕೇಳಿಸಿದಾಗ ಬಲಕ್ಕೆ. ಆಮೇಲೆ ದಾರಿ ತಪ್ಪಿತು. ಕರು ಬೆನ್ನ ಹಿಂದೆಯೇ ನಿಂತಿತ್ತು. ಗುರುಗಳು ಮಾತ್ರ ಮುಂದೆ ಮುಂದೆ ಹೋಗಿ ಬೇಲಿಗೆ ಡಿಕ್ಕಿ ಹೊಡೆಯುತ್ತಿದ್ದರು. ಇಂದುಧರನಿಗೆ ಅವರ ಜಾಗದಲ್ಲಿ ಅಕ್ಕ ಕಾಣಿಸಿದಳು.

"ಕರು ಎಲ್ಲಿದೆಯಪ್ಪಾ?"

"ಹಿಂದಿದೆ, ಗುರುಗಳೇ. ಈ ಎಂಜಿನ್‌ನಲ್ಲಿ ಗಂಟೆ ಮುಂದಿದ್ದರೂ ಹಿಂದಿದ್ದರೂ ಒಂದೇ ಥರ ಕೇಳಿಸುತ್ತದೆ."

"ನೀನು ಆಡಿದಾಗ ಗೊತ್ತಾಗಲಿಲ್ಲವಾ?"

"ನಾನು ಪರದೆ ನೋಡಿಕೊಂಡು ಆಡಿದ್ದೆ."

ಇಂದುಧರ ಎದ್ದು ನಿಂತ. ಊರಿಗೆ ಹೋಗುವುದಿಲ್ಲ ಎಂದ. ಈ ಎಂಜಿನ್ನನ್ನೂ ಬಿಟ್ಟು, ಇನ್ನು ಮೂರು ವರ್ಷವಾದರೂ ಸರಿ, ಎಲ್ಲವನ್ನೂ ಮತ್ತೆ ನಾನೇ ಬರೆಯುತ್ತೇನೆ ಎಂದ.

ಗುರುಗಳು ಕಣ್ಣಿನ ವಸ್ತ್ರ ಬಿಚ್ಚಿ ಅವನ ಕೈಯಲ್ಲಿಟ್ಟರು.

"ಇದನ್ನು ಕಟ್ಟಿಕೊಂಡು ಆಡು. ಎಲ್ಲಿ ಎಡವುತ್ತೀಯೋ ಅಷ್ಟನ್ನು ಮಾತ್ರ ನೀನು ಬರಿ."