ಅಲೆಯ ಕೈ

ಮರಳಿನಡಿಯ ಮೊಟ್ಟೆಯಿಂದ ಆಗಷ್ಟೇ ಹೊರಬಂದ ಕಡಲಾಮೆಯ ಮರಿಯೊಂದು ಅಲೆಗೆ ಹೆದರಿ, ದಡದಲ್ಲಿ ಬಿದ್ದಿದ್ದ ಹಳೇ ಲಂಗರಿಗೆ ಒರಗಿ, "ನನ್ನಮ್ಮ ಎಲ್ಲಿ?" ಎಂದು ಕೇಳಿತು.

"ಮೊಟ್ಟೆಯಿಟ್ಟು ಕಡಲಿಗೆ ಹೋದಳು. ನಿಮ್ಮ ಕುಲವೇ ಹಾಗೆ. ಮೇಲೆ ಹದ್ದು ಸುತ್ತುತ್ತಿದೆ, ಬೇಗ ನೀರಿಗಿಳಿ," ಎಂದಿತು ಲಂಗರು. ಇದ್ದದ್ದನ್ನು ಇದ್ದಂತೆ ಹೇಳುವುದಷ್ಟೇ ಅದಕ್ಕೆ ಗೊತ್ತು. ಮರಿ ಇನ್ನಷ್ಟು ಮುದುಡಿತು.

ಅಡ್ಡಡ್ಡ ನಡೆಯುತ್ತ ಬಂದ ಏಡಿ, "ಕಂದಾ, ಕಡಲೇ ನಿನ್ನಮ್ಮನ ಮಡಿಲು. ಅಗೋ, ಆ ಅಲೆ ಅವಳ ಕೈ. ನಿನ್ನನ್ನು ಎತ್ತಿಕೊಳ್ಳಲು ಚಾಚಿದ್ದಾಳೆ," ಎಂದಿತು.

ಲಂಗರಿಗೆ ರೇಗಿತು. "ಎಳೆಮಗುವಿಗೆ ಸುಳ್ಳು ಹೇಳುತ್ತೀಯಲ್ಲ ಏಡಿಯಣ್ಣ! ಅಲೆಯೆಂದರೆ ಬರೀ ನೀರು."

"ಸುಳ್ಳಲ್ಲ, ರೂಪಕ. ಅದು ನೀರೆಂದು ಮರಿಗೂ ಕಾಣುತ್ತದೆ. ಅದಕ್ಕೆ ಬೇಕಿದ್ದದ್ದು ಧೈರ್ಯ."

ಅಷ್ಟರಲ್ಲಿ ಮರಿ ತೆವಳಿ ಹೋಗಿ ಅಲೆಗೆ ಮೈಯೊಡ್ಡಿತ್ತು. ಅಲೆ ಮೆಲ್ಲನೆ ಎತ್ತಿಕೊಂಡಿತು.

ಲಂಗರು ಮರಿ ಹೋದ ದಿಕ್ಕನ್ನೇ ನೋಡುತ್ತಿತ್ತು. ಇನ್ನೊಂದು ಅಲೆ ಬಂದು ಅದರ ತುಕ್ಕುಹಿಡಿದ ಬೆನ್ನು ಸವರಿದಾಗ, "ಏಡಿಯಣ್ಣ, ಇದು ಯಾರ ಕೈ?" ಎಂದು ಕೇಳಿತು.